ತಾಯಿ ಕಡೆಯ ಲೆಕ್ಕ

ಕೆರ ಆಚೇಲೇ ಬಿಟ್ಟು ಬಾರಪ್ಪ, ಹಟ್ಟಿ ಇದು.
ಮರಿ ಹಾಕಿ ಮೂವತ್ತೆರಡು ದಿನ,
ಹೊಸಬರ ವಾಸನೆ ಇವಳಿಗಿನ್ನೂ ಆಗಲ್ಲ.
ಆ ಒರಳಿನ ಪಕ್ಕ ಕೂತ್ಕೋ. ಕೈ ಚಾಚಬೇಡ.

ವಂಶದ ಕಾಗದ ಕೇಳ್ತೀಯ.
ಕಾಗದ ಎಲ್ಲೈತೆ, ಬಾಯಲ್ಲೈತೆ, ಬರ್ಕೋ:
ಇವಳು ಸೀಳುಮೂಗಿ. ಇವಳವ್ವ ಅರೆಗೆಜ್ಜೆ,
ಕತ್ತಿನ ಗೆಜ್ಜೆಪಟ್ಟಿ ತೋಳದ ಹಲ್ಲಿಗೆ ಸಿಕ್ಕು
ಅರ್ಧ ಅದಕ್ಕೆ, ಅರ್ಧ ನಮಗೆ.
ಅರೆಗೆಜ್ಜೆಯವ್ವ ಮೂರ್ಕಾಲಿ.
ನಾಕನೇ ಕಾಲು ರೊಪ್ಪದ ಬೇಲಿ ಮುಂದೆ ಹೋಯ್ತು,
ಆಮೇಲೂ ಎರಡು ಸೂಲು ಹಾಕಿದ್ಲು.
ಮೂರ್ಕಾಲಿಯವ್ವ ಕೆಂಚಿ,
ನಮ್ಮತ್ತೆ ಚಿತ್ತವ್ವ ಮದುವೆಯಾಗಿ ಬರುವಾಗ
ಸೋಬಲಕ್ಕಿ ಜೊತೆ ಮಡಿಲಲ್ಲಿ ಹೊತ್ತು ತಂದದ್ದು.
ಅದರಾಚೆಗೆ ನಂಗೊತ್ತಿಲ್ಲ.
ಅತ್ತೆ ಹೇಳಲಿಲ್ಲ, ನಾನೂ ಕೇಳಲಿಲ್ಲ,
ಈಗ ಕೇಳೋಣ ಅಂದ್ರೆ ಅತ್ತೆ ಇಲ್ಲ.

ಅಪ್ಪನ ಕಡೆದಾ?
ಬೆದೆಗೆ ಬಂದಾಗ ಕ್ಯಾತಣ್ಣನ ಹಟ್ಟಿಗೆ ನಡೆಸ್ಕೊಂಡು ಹೋಗ್ತೀನಿ,
ಪಾವಗಡದ ಬಸ್ಸಿಗೆ ಹತ್ತಿಸಲ್ಲ ಕಂಡಕ್ಟರು.
ಎರಡು ಹಗಲು ಒಂದು ರಾತ್ರಿ.
ದಾರೀಲಿ ಊರ ಗಂಡುಗಳೆಲ್ಲ ಹಿಂದೆ ಬೀಳ್ತವೆ,
ಸೆರಗು ಸಿಕ್ಕಿಸಿ, ಕೋಲು ಬೀಸ್ತಾ ಹೋಗ್ತೀನಿ,
ಮಗಳನ್ನ ಗಂಡನ ಮನೆಗೆ ಬಿಡುವಾಗಲೂ
ಇಷ್ಟು ಕಾದಿಲ್ಲ ನಾನು.
ಕ್ಯಾತಣ್ಣನಿಗೆ ಒಂದು ಹುಂಜ, ನಾಕು ಸೇರು ರಾಗಿ.

ಮರಿ ಆರಿಸೋದು ನಮ್ಮಲ್ಲಿ ಹೆಂಗಸರ ಕೆಲಸ.
ತಿಂಗಳು ತುಂಬಿದ ದಿನ ಟಗರಿನ ಮುಂದೆ ಬಿಡ್ತೀನಿ.
ಗುದ್ದಿಸ್ಕೊಂಡು ಅವ್ವನ ಹೊಟ್ಟೆ ಕೆಳಗೆ ನುಗ್ಗಿದ್ದು ಬ್ಯಾಡ.
ತಿರುಗಿ ಕಚ್ಚಕ್ಕೆ ಹೋದದ್ದೂ ಬ್ಯಾಡ.
ಬಿದ್ದು, ಎದ್ದು, ಮೈ ಕೊಡವಿ,
ಅದೇ ಟಗರಿನ ಪಕ್ಕ ಹೋಗಿ ಮಲಗ್ತೈತಲ್ಲ,
ಅದು.

ಕುರಿ ಈದಾಗ ನೋಡ್ಬೇಕು ಇವಳನ್ನ.
ಮಾಸು ಬಿದ್ದಿರ್ತೈತೆ, ಹಸಿದಿರ್ತಾಳೆ,
ಕುರಿಮರಿ ಎದ್ದು ಮೊಲೆ ಹಿಡಿಯೋ ತನಕ ಮುಖ ತಿರುಗಿಸಿ ಕೂರ್ತಾಳೆ.
ಯಾರೂ ಕಲಿಸಿಲ್ಲ.

ನೀ ಬೆರಳು ಮಾಡ್ತಿರೋದು ಬಿಳಿಕಾಲಿನದು.
ಗೊತ್ತಿತ್ತು. ಎಲ್ಲರೂ ಅದನ್ನೇ ಕೇಳೋದು.
ಹೋದ ವರ್ಷ ಮಧುಗಿರಿ ಕಡೆಯವನೊಬ್ಬ ಬಂದು
ಟೇಪು ಹಿಡಿದು ಬಾಲ ಅಳೆದ, ಮೂತಿ ಅಳೆದ.
ನಿದ್ದೆ ಅಳೀತೀಯೇನಪ್ಪ ಅಂದೆ. ನಗಾಡಿದ.
ಅಲ್ಲ ಕಣೋ, ಇವು ಒಂದೇ ಕಿವಿ ಮಲಗಿಸ್ತವೆ.

ಇನ್ನೊಂದು ಮಾತು, ನಮ್ಮ ಹುಡುಗ್ರ ಮುಂದೆ ಆಡಬೇಡ.
ಆರಿಸೋದು ನಾನು ಅಂದೆನಲ್ಲ, ಅರ್ಧ ಸುಳ್ಳು.
ನಾನು ಬಿಟ್ಟದ್ದರಲ್ಲಿ ತೋಳ ಆರಿಸ್ತಿತ್ತು.
ಬೆಳಗಾಗೋ ಹೊತ್ತಿಗೆ ಯಾರು ಎದ್ದು ನಿಂತಿರ್ತಾರೋ
ಅವಳ ಹೊಟ್ಟೇಲಿ ಮುಂದಿನದು.
ಈಗ ಗುಡ್ಡದ ಕೆಳಗೆಲ್ಲ ಗಾಜಿನ ಹಲಗೆ, ಸುತ್ತ ತಂತಿ.
ಮೂರು ವರ್ಷ ಆಯ್ತು ಕೂಗು ಕೇಳಿ.
ಒಳ್ಳೇದಾಯ್ತು ಅಂತಾರೆ. ಒಳ್ಳೇದೇ.
ಒಂದೇ ರಾತ್ರಿ ಹನ್ನೊಂದು ಕುರಿ ಕಳ್ಕೊಂಡೋಳು ನಾನು,
ಅದಕ್ಕೆ ಬೈದಿರೋ ಬೈಗುಳ ಬೇರೆ ಯಾರಿಗೂ ಬೈದಿಲ್ಲ.
ಆದ್ರೂ ಅಮಾಸೆ ರಾತ್ರಿ ರೊಪ್ಪದ ಹಿಂದೆ ನಿಂತ್ಕೊಂಡು
ಕಿವಿ ಕೊಡ್ತೀನಿ.
ಇವಳೂ ನನ್ನ ಪಕ್ಕ ನಿಂತಿರ್ತಾಳೆ.

ಸೀಳುಮೂಗಿ ಅಂದೆ,
ಹೆಂಗೆ ಸೀಳ್ತು ಅಂತ ನೀ ಕೇಳಲಿಲ್ಲ.
ಮುಳ್ಳುತಂತಿ ಕಣಪ್ಪ. ತೋಳ ಅಲ್ಲ.

ತಗೊಂಡು ಹೋಗು ಬಿಳಿಕಾಲಿಂದನ್ನ.
ಮೊನ್ನೆ ಟಗರು ಕಂಡು ಓಡಿದ್ದೇ ಅದು. ದುಡ್ಡು ಬ್ಯಾಡ.
ಇದು ಈದು ಹೆಣ್ಣುಮರಿ ಆದ್ರೆ
ಒಂದನ್ನ ತಂದು ನನ್ನ ಟಗರಿನ ಮುಂದೆ ಬಿಡು,
ಒಂದು ತಲೆ ದಾಟಿ ಬರೋದುಂಟು ರಕ್ತ.
ಹೆಸರು ಮಾತ್ರ ಈಗಲೇ ಇಡಬೇಡ.
ಏನಾದ್ರೂ ಒಂದು ಆಗಲಿ ಅದಕ್ಕೆ,
ಆಮೇಲೆ ಕರಿಯೋವಂತೆ.